ಕೈಯಲ್ಲಿರುವುದು ಯಾವ ಡಿಸ್ಕ್?

ಎಲ್ಲರಿಗೂ ನಮಸ್ಕಾರ. ಉಡುಪಿಯವರು, ಮಣಿಪಾಲದ ಹುಡುಗ ಹುಡುಗಿಯರು, ಮಂಗಳೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದವರು, ಎಲ್ಲರೂ ಸೇರಿದ್ದೀರಿ. ನಿಮ್ಮಲ್ಲಿ ಕೆಲವರು ವಾಲಿಬಾಲ್, ಅಂಡರ್‌ಆರ್ಮ್ ಕ್ರಿಕೆಟ್, ಕಂಬಳ ಎಂದು ಊರೂರು ತಿರುಗಿ ಮೈಕ್ ಹಿಡಿಯುವವರು. ಉಳಿದವರು ಮಲ್ಪೆ, ಪಣಂಬೂರು ಬೀಚ್‌ನಲ್ಲಿ ಫ್ರಿಸ್ಬೀ ಎಸೆಯುವವರು. ಎರಡೂ ಕಡೆಯವರಿಗೆ ಬೇಕಾಗುವ ಒಂದು ವಿಷಯವನ್ನು ಇವತ್ತು ಹಿಡಿದಿದ್ದೇನೆ. ಡಿಸ್ಕ್ ಗಾಲ್ಫ್ ಟೂರ್ನಿ ಪ್ರಸಾರ ಆಗುವಾಗ ಕಾಮೆಂಟರಿಯವರು "ಈಗ ಇವರು ಈ ಡಿಸ್ಕ್ ತೆಗೆದರು" ಎಂದು ಹೇಳುತ್ತಾರಲ್ಲ, ಅದು ಅವರಿಗೆ ಹೇಗೆ ಗೊತ್ತಾಗುತ್ತದೆ? ಯಾವಾಗ ಖಚಿತವಾಗಿ ಗೊತ್ತಿರುತ್ತದೆ, ಯಾವಾಗ ಅಂದಾಜು ಮಾತ್ರ? ಆ ಅಂದಾಜನ್ನು ಕೇಳುವವರ ಮುಂದೆ ಹೇಗೆ ಇಡಬೇಕು? ಮುಖ್ಯವಾಗಿ ಈ ಕೊನೆಯ ಪ್ರಶ್ನೆಗಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ಆಟ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಗಾಲ್ಫ್‌ನ ಹಾಗೆಯೇ ಒಂದು ಜಾಗದಿಂದ ಹೊರಟು, ಕಡಿಮೆ ಎಸೆತದಲ್ಲಿ ಗುರಿ ಮುಟ್ಟಬೇಕು. ಚೆಂಡಿನ ಬದಲು ಡಿಸ್ಕ್, ಗುಂಡಿಯ ಬದಲು ಕಬ್ಬಿಣದ ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿ. ಆ ಬುಟ್ಟಿಯನ್ನು ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್. 1976ರಲ್ಲಿ ಈ ಆಟದ ಸಂಸ್ಥೆ ಪಿಡಿಜಿಎ ಕಟ್ಟಿದವರೂ ಅವರೇ, ಮರುವರ್ಷ ಬುಟ್ಟಿಗೆ ಪೇಟೆಂಟ್ ಸಿಕ್ಕಿತು. ಆಗೆಲ್ಲ ಜನ ಎಸೆಯುತ್ತಿದ್ದದ್ದು ಮಾಮೂಲಿ ಫ್ರಿಸ್ಬೀ. 1983ರಲ್ಲಿ ಇನ್ನೋವಾ ಕಂಪನಿಯವರು ಈಗಲ್ ಎಂಬ ಡಿಸ್ಕ್ ತಂದರು. ಅದರ ಅಂಚು ದುಂಡಗಿರಲಿಲ್ಲ, ಹೊರಕ್ಕೆ ಓರೆಯಾಗಿ ಚೂಪಾಗಿತ್ತು. ಗಾಳಿಯನ್ನು ಸೀಳಿಕೊಂಡು ಹೋಗುವ ಡಿಸ್ಕ್‌ಗಳು ಅಲ್ಲಿಂದ ಶುರುವಾದವು. ಕಾಮೆಂಟರಿಯವರ ತಲೆನೋವೂ ಅಲ್ಲಿಂದಲೇ ಶುರು.

ನೀವು ಮಲ್ಪೆಯಲ್ಲಿ ಎಸೆಯುವ ಅಲ್ಟಿಮೇಟ್ ಡಿಸ್ಕ್ 175 ಗ್ರಾಂ ತೂಗುತ್ತದೆ, ಅಡ್ಡಗಲ 27 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಗಾಲ್ಫ್ ಡಿಸ್ಕ್ ತೂಕದಲ್ಲಿ ಅಷ್ಟೇ ಇದ್ದರೂ ಅಗಲದಲ್ಲಿ ಸಣ್ಣದು, ಹೆಚ್ಚಿನವು 21 ಸೆಂಟಿಮೀಟರ್ ಆಸುಪಾಸು. ನಿಯಮ ಹೇಳುವುದು ಇಷ್ಟೇ: ಅಗಲ 21 ಸೆಂಟಿಮೀಟರ್‌ಗಿಂತ ಕಡಿಮೆ ಇರಬಾರದು, ತೂಕ 200 ಗ್ರಾಂ ದಾಟಬಾರದು, ಅಂಚಿನ ಅಗಲ, ಅಂದರೆ ಹೊರತುದಿಯಿಂದ ಒಳಗೋಡೆಯ ತನಕ, 2.6 ಸೆಂಟಿಮೀಟರ್ ಮೀರಬಾರದು, ಹೀಗೆ ಕೆಲವು ಅಳತೆಗಳು. ಈ ಅಳತೆಯೊಳಗೆ ಕಂಪನಿಗಳು ಸಾವಿರಕ್ಕೂ ಹೆಚ್ಚು ಬಗೆಯ ಅಚ್ಚು ಮಾಡಿ ಪಿಡಿಜಿಎಯ ಒಪ್ಪಿಗೆ ಪಡೆದಿವೆ. ಗಾಲ್ಫ್‌ನಲ್ಲಿ ಒಬ್ಬರು 14 ಕ್ಲಬ್, ಅಂದರೆ ಹೊಡೆಯುವ ಕೋಲು, ಮಾತ್ರ ಇಟ್ಟುಕೊಳ್ಳಬಹುದು. ಇಲ್ಲಿ ಅಂಥ ಮಿತಿಯೇ ಇಲ್ಲ. ದೊಡ್ಡ ಆಟಗಾರರ ಬ್ಯಾಗಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಡಿಸ್ಕ್ ಇರುತ್ತವೆ. ದೂರದಿಂದ ನೋಡಿದರೆ ಎಲ್ಲವೂ ಬಣ್ಣದ ತಟ್ಟೆಗಳೇ.

ಹಾಗಾದರೆ ಹೆಸರು ಯಾಕೆ ಬೇಕು, ಬಿಟ್ಟರಾಯಿತಲ್ಲ ಎಂದು ಕೇಳಬಹುದು. ಬಿಡಲಿಕ್ಕಾಗುವುದಿಲ್ಲ. ಈ ಆಟದಲ್ಲಿ ಹಾರಾಟದ ಅರ್ಧ ಕೈಯಲ್ಲಿದ್ದರೆ ಇನ್ನರ್ಧ ಡಿಸ್ಕ್‌ನ ಆಕಾರದಲ್ಲೇ ಉಂಟು. ಹೆಚ್ಚಿನ ಕಂಪನಿಗಳು ಒಂದೊಂದು ಡಿಸ್ಕ್‌ಗೂ ನಾಲ್ಕು ಅಂಕಿ ಕೊಡುತ್ತವೆ. ಮೊದಲನೆಯದು ವೇಗ. ಎರಡನೆಯದು ಗ್ಲೈಡ್, ಅಂದರೆ ಗಾಳಿಯಲ್ಲಿ ತೇಲುವ ಗುಣ. ಮೂರನೆಯದು ಟರ್ನ್, ವೇಗ ಜೋರಿರುವಾಗ ಯಾವ ಕಡೆ ವಾಲುತ್ತದೆ ಎನ್ನುವುದು. ನಾಲ್ಕನೆಯದು ಫೇಡ್, ವೇಗ ತಗ್ಗಿದ ಮೇಲೆ ಕೊನೆಯಲ್ಲಿ ಎಷ್ಟು ಹೊರಳುತ್ತದೆ ಎನ್ನುವುದು. ಇನ್ನೋವಾದ ಡೆಸ್ಟ್ರಾಯರ್‌ಗೆ 12, 5, ಮೈನಸ್ 1, 3. ಅದೇ ಕಂಪನಿಯ ಫೈರ್‌ಬರ್ಡ್‌ಗೆ 9, 3, 0, 4. ಬಲಗೈಯವರು ಬ್ಯಾಕ್‌ಹ್ಯಾಂಡ್‌ನಲ್ಲಿ, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಬೀಸಿ, ಎಸೆದರೆ ಡೆಸ್ಟ್ರಾಯರ್ ಮೊದಲು ಚೂರು ಬಲಕ್ಕೆ ವಾಲಿ, ದೂರ ಹೋಗಿ, ಆಮೇಲೆ ಎಡಕ್ಕೆ ತಿರುಗುತ್ತದೆ. ಫೈರ್‌ಬರ್ಡ್ ಬಲಕ್ಕೆ ವಾಲುವುದೇ ಇಲ್ಲ, ಬೇಗ ಎಡಕ್ಕೆ ಬಾಗಿ ಜೋರಾಗಿ ಇಳಿಯುತ್ತದೆ. ಕೈ ಒಂದೇ, ಬಲ ಒಂದೇ, ದಾರಿ ಬೇರೆ.

ಒಂದು ಉದಾಹರಣೆ ತಗೊಳ್ಳಿ. ಎಡಕ್ಕೆ ತಿರುಗುವ ಕಾಡಿನ ದಾರಿ. ತಿರುವಿನಲ್ಲಿ ದೊಡ್ಡ ಮರ. ಆಟಗಾರ್ತಿ ಬ್ಯಾಗಿನಿಂದ ಫೈರ್‌ಬರ್ಡ್ ತೆಗೆದಳು ಎಂದು ನಿಮಗೆ ಮೊದಲೇ ಗೊತ್ತಿದ್ದರೆ, ಅವಳು ಮರವನ್ನು ದಾಟಿದ ಕೂಡಲೇ ಎಡಕ್ಕೆ ಇಳಿಸುವ ಲೆಕ್ಕ ಹಾಕಿದ್ದಾಳೆ ಎಂದು ಕೇಳುಗರಿಗೆ ಮೊದಲೇ ಹೇಳಬಹುದು. ಆಗ ಡಿಸ್ಕ್ ಹಾರುವ ಆ ನಾಲ್ಕೈದು ಸೆಕೆಂಡು ನೋಡುವವರು ಉಸಿರು ಬಿಗಿಹಿಡಿದು ನೋಡುತ್ತಾರೆ, ಯಾಕೆಂದರೆ ಏನಾಗಬೇಕಿತ್ತು ಎಂಬುದು ಅವರಿಗೆ ಗೊತ್ತು. ಡಿಸ್ಕ್ ಗೊತ್ತಿಲ್ಲದಿದ್ದರೆ ಬಿದ್ದ ಮೇಲೆ "ಒಳ್ಳೆ ಎಸೆತ" ಎನ್ನಬೇಕಾಗುತ್ತದೆ, ಅದನ್ನು ಕಣ್ಣಿದ್ದ ಯಾರೂ ಹೇಳಬಹುದು.

ಕಂಬಳದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕರೆಗೆ, ಅಂದರೆ ಕೆಸರಿನ ಓಟದ ಗದ್ದೆಗೆ, ಇಳಿದ ಕೋಣದ ಜೋಡಿ ಹಗ್ಗದ್ದೋ, ನೇಗಿಲಿನದ್ದೋ, ಅಡ್ಡ ಹಲಗೆಯದ್ದೋ, ಕನೆ ಹಲಗೆಯದ್ದೋ ಎಂಬುದನ್ನು ಮೈಕಿನಲ್ಲಿ ಮೊದಲೇ ಹೇಳುತ್ತೀರಿ. ಕನೆ ಹಲಗೆ ಎಂದ ಕೂಡಲೇ ಜನರ ಕಣ್ಣು ಕೋಣದ ಓಟ ಬಿಟ್ಟು ಮೇಲೆ ಕಟ್ಟಿದ ನಿಶಾನೆಯ ಕಡೆ ಹೋಗುತ್ತದೆ, ನೀರು ಅಷ್ಟೆತ್ತರ ಚಿಮ್ಮುತ್ತದಾ ಎಂದು. ಹಗ್ಗ ಎಂದರೆ ಓಟ ಮುಗಿಯುವ ಮಂಜೊಟ್ಟಿ ಯಾರು ಮೊದಲು ಮುಟ್ಟುತ್ತಾರೆ ಎಂದು ನೋಡುತ್ತಾರೆ. ಸಲಕರಣೆಯ ಹೆಸರು ಏನನ್ನು ನೋಡಬೇಕು ಎಂದು ತೋರಿಸಿಕೊಡುತ್ತದೆ. ಡಿಸ್ಕ್ ಹೆಸರಿನ ಕೆಲಸವೂ ಇದೇ.

ಆದರೆ ಕಂಬಳದಲ್ಲಿ ವಿಭಾಗ ಮೊದಲೇ ಪಟ್ಟಿಯಲ್ಲಿ ಇರುತ್ತದೆ. ಇಲ್ಲಿ ಪಟ್ಟಿ ಇಲ್ಲ. ಸ್ಕೋರ್ ಲೆಕ್ಕದಲ್ಲಿ ಎಷ್ಟು ಎಸೆತ, ಎಷ್ಟು ಸಲ ಬುಟ್ಟಿಯ ಹತ್ತಿರ ಬಂದರು, ಪಟ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವ ಎಸೆತ, ಎಷ್ಟು ಹಾಕಿದರು ಎಲ್ಲ ಬರುತ್ತದೆ, ಯಾವ ಡಿಸ್ಕ್ ಎಂಬುದು ಬರುವುದಿಲ್ಲ. ಆಟಗಾರರು ಯಾರಿಗೂ ಹೇಳಿ ಎಸೆಯಬೇಕಾಗಿಯೂ ಇಲ್ಲ. ಬೇರೆ ಆಟದಲ್ಲಿ ಇದನ್ನು ಹೇಗೆ ಮಾಡಿದ್ದಾರೆ ನೋಡಿ. ಫಾರ್ಮುಲಾ ಒನ್ ರೇಸಿನಲ್ಲಿ ಟೈರ್‌ನ ಪಕ್ಕದಲ್ಲೇ ಬಣ್ಣ ಹಾಕಿಬಿಡುತ್ತಾರೆ. ಮೆತ್ತನೆಯದಕ್ಕೆ ಕೆಂಪು, ಮಧ್ಯಮಕ್ಕೆ ಹಳದಿ, ಗಟ್ಟಿಗೆ ಬಿಳಿ, ಮಳೆಗೆ ಹಸಿರು ಮತ್ತು ನೀಲಿ. ಮನೆಯಲ್ಲಿ ಕೂತ ಮಕ್ಕಳೂ ಹೇಳಬಹುದು. ಗಾಲ್ಫ್‌ನಲ್ಲಿ ಮೈದಾನದೊಳಗೆ ನಡೆಯುವ ವರದಿಗಾರರಿಗೆ ಆಟಗಾರರ ಬ್ಯಾಗ್ ಹೊರುವ ಕ್ಯಾಡಿಗಳು ಬೆರಳಿನ ಸನ್ನೆಯಲ್ಲಿ ಕ್ಲಬ್ ಯಾವುದೆಂದು ತಿಳಿಸುವ ರೂಢಿ ಉಂಟು. ಎದುರಾಳಿ ಮಾತ್ರ ಕೇಳುವ ಹಾಗಿಲ್ಲ, ಕೇಳಿದರೆ ದಂಡ. ಟವೆಲ್ ಮುಚ್ಚಿದ್ದರೆ ಅದನ್ನು ಸರಿಸಿ ನೋಡಿದರೂ ದಂಡ. ಯಾವ ಸಲಕರಣೆ ಎಂಬ ಸುದ್ದಿಗೆ ಅಷ್ಟು ಬೆಲೆ.

ಡಿಸ್ಕ್ ಗಾಲ್ಫ್‌ನಲ್ಲಿ ಅಂಥ ಬಣ್ಣದ ನಿಯಮ ಇಲ್ಲ. ಒಂದೇ ಅಚ್ಚಿನ ಡಿಸ್ಕ್ ಗುಲಾಬಿಯಲ್ಲೂ ಬರುತ್ತದೆ, ನೀಲಿಯಲ್ಲೂ ಬರುತ್ತದೆ. ಕೈಬಿಟ್ಟ ಮೇಲಂತೂ ಮೇಲಿನ ಅಕ್ಷರ ಓದುವ ಮಾತೇ ಇಲ್ಲ. ಬಲವಾದ ಎಸೆತ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕ್ಯಾಮೆರಾಕ್ಕೆ ಮೇಲಿನ ಚಿತ್ರ ಬಣ್ಣದ ಒಂದು ಬಳೆಯಾಗಿ ಮಾತ್ರ ಕಾಣುತ್ತದೆ. ಹಾಗಾಗಿ ಗುರುತು ಹಿಡಿಯುವುದಿದ್ದರೆ ಎಸೆಯುವ ಮೊದಲೇ ಹಿಡಿಯಬೇಕು. ಸರದಿ ಬಂದ ಮೇಲೆ ಆಟಗಾರರಿಗೆ ನಿಯಮದ ಪ್ರಕಾರ 30 ಸೆಕೆಂಡು ಸಮಯ. ಆ 30 ಸೆಕೆಂಡೇ ನಿಮ್ಮದೂ.

ಇನ್ನು ಕೆಲಸಕ್ಕೆ ಬರೋಣ. ಗುರುತು ಹಿಡಿಯುವ ಕೆಲಸ ಪಂದ್ಯದ ದಿನ ಶುರುವಾಗುವುದಲ್ಲ, ಅದರ ಮೊದಲೇ ಶುರು. ಮೊದಲು ನೋಡಬೇಕಾದದ್ದು ಪ್ರಾಯೋಜಕರು. ದೊಡ್ಡ ಆಟಗಾರರಲ್ಲಿ ಹೆಚ್ಚಿನವರಿಗೆ ಡಿಸ್ಕ್ ಕಂಪನಿಯ ಜೊತೆ ಒಪ್ಪಂದ ಇರುತ್ತದೆ, ಸಾಮಾನ್ಯವಾಗಿ ಆ ಕಂಪನಿಯದ್ದನ್ನೇ ಎಸೆಯುತ್ತಾರೆ. ಪಾಲ್ ಮೆಕ್‌ಬೆತ್ ಆರು ಸಲ ವಿಶ್ವ ಚಾಂಪಿಯನ್. 2018ರ ತನಕ ಇನ್ನೋವಾ, 2019ರಿಂದ ಡಿಸ್ಕ್ರಾಫ್ಟ್. ಸೈಮನ್ ಲಿಝೋಟ್ 2023ರ ಶುರುವಿನಲ್ಲಿ ಡಿಸ್ಕ್‌ಮೇನಿಯಾ ಬಿಟ್ಟು ಎಂವಿಪಿಗೆ ಹೋದರು. ಇದು ಗೊತ್ತಿದ್ದರೆ ಸಾವಿರ ಅಚ್ಚಿನ ರಾಶಿ ಒಂದೇ ಏಟಿಗೆ ಕೆಲವು ಡಜನ್‌ಗೆ ಇಳಿಯುತ್ತದೆ. ಆದರೆ ಒಂದು ಎಚ್ಚರಿಕೆ. ಕೆಲವು ಹೆಸರುಗಳು ಒಂದೇ ಮನೆಯವು. ಎಂವಿಪಿ, ಆಕ್ಸಿಯಮ್, ಸ್ಟ್ರೀಮ್‌ಲೈನ್ ಮೂರೂ ಒಂದೇ ಕಡೆಯವು. ಲ್ಯಾಟಿಟ್ಯೂಡ್ 64, ವೆಸ್ಟ್‌ಸೈಡ್, ಡೈನಾಮಿಕ್ ಡಿಸ್ಕ್ಸ್ ಮೂರೂ ಒಟ್ಟಿಗೆ ಇರುವವು. ಅಂಗಿಯ ಮೇಲೆ ಒಂದು ಹೆಸರು, ಕೈಯಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿ ಬೇಡ.

ಆಮೇಲೆ ಬ್ಯಾಗ್. ವರ್ಷದ ಶುರುವಿನಲ್ಲಿ ಆಟಗಾರರು, ಕಂಪನಿಗಳು "ಬ್ಯಾಗಿನಲ್ಲಿ ಏನುಂಟು" ಎಂಬ ವಿಡಿಯೋ ಹಾಕುತ್ತಾರೆ. ಒಂದೊಂದೇ ಡಿಸ್ಕ್ ತೆಗೆದು, ಇದನ್ನು ಗಾಳಿ ಎದುರಿದ್ದಾಗ, ಇದನ್ನು ಅಂಗೈ ಮುಂದೆ ಮಾಡಿ ಬದಿಯಿಂದ ಬೀಸುವ ಫೋರ್‌ಹ್ಯಾಂಡ್‌ಗೆ, ಇದನ್ನು ನೆಲದ ಮೇಲೆ ಉರುಳಿಸಲಿಕ್ಕೆ ಎಂದು ತೋರಿಸುತ್ತಾರೆ. ಮೈಕ್ ಹಿಡಿಯುವವರು ಅದನ್ನು ಸುಮ್ನೆ ನೋಡಿದರೆ ಸಾಲದು, ಬರೆದುಕೊಳ್ಳಬೇಕು. ನಾನು ಒಬ್ಬೊಬ್ಬರಿಗೆ ಒಂದು ಹಾಳೆ ಇಡುತ್ತೇನೆ. ಎಡಗಡೆ ಬಣ್ಣ, ಪಕ್ಕದಲ್ಲಿ ಅಚ್ಚಿನ ಹೆಸರು, ಹೊಸದೋ ಹಳೆಯದೋ, ಯಾವ ಕೆಲಸಕ್ಕೆ. ಮೊದಲ ಕಾಲಂನಲ್ಲಿ ಬಣ್ಣವೇ ಇರಬೇಕು, ಯಾಕೆಂದರೆ ಪರದೆಯ ಮೇಲೆ ನಿಮಗೆ ಮೊದಲು ಸಿಗುವುದು ಅದೇ. ಹೆಸರಿನಿಂದ ಹುಡುಕಲು ಹೋದರೆ ಅಷ್ಟರಲ್ಲಿ ಡಿಸ್ಕ್ ಬುಟ್ಟಿಯಲ್ಲಿರುತ್ತದೆ.

ಬಣ್ಣವನ್ನೇ ಪೂರ್ತಿ ನಂಬಲೂ ಬಾರದು. ಮರದ ನೆರಳಿನಲ್ಲಿ ಕಿತ್ತಳೆ ಕೆಂಪಾಗಿ ಕಾಣುತ್ತದೆ. ಇನ್ನೋವಾದ ಚಾಂಪಿಯನ್ ಎಂಬ ಪ್ಲಾಸ್ಟಿಕ್ ಪಾರದರ್ಶಕ, ಅದರ ಹಿಂದೆ ಹುಲ್ಲಿದ್ದರೆ ಹುಲ್ಲಿನ ಬಣ್ಣವೂ ಬೆರೆಯುತ್ತದೆ. ಅದೇ ಕಂಪನಿಯ ಸ್ಟಾರ್ ಪ್ಲಾಸ್ಟಿಕ್‌ನಲ್ಲಿ ಬೆಳಕು ಹಾಯುವುದಿಲ್ಲ, ಬಣ್ಣ ಗಟ್ಟಿಯಾಗಿ ಕಾಣುತ್ತದೆ. ಡಿಸ್ಕ್ ಕಳೆದುಹೋಗಿ ಬೇರೆ ಬಣ್ಣದ್ದು ಬ್ಯಾಗಿಗೆ ಬಂದಿರಬಹುದು. ಹಾಗಾಗಿ ಹಾಳೆಯನ್ನು ಪ್ರತಿ ಟೂರ್ನಿಗೂ ಮತ್ತೆ ಹೊಂದಿಸಬೇಕು. ಮೊದಲ ನಾಲ್ಕೈದು ಹೋಲ್, ಅಂದರೆ ನಾಲ್ಕೈದು ಬುಟ್ಟಿಯ ಆಟ, ಮುಗಿಯುವಷ್ಟರಲ್ಲಿ ಯಾವ ಸಾಲು ಸರಿ, ಯಾವುದು ಹಳತಾಯಿತು ಎಂದು ಗೊತ್ತಾಗುತ್ತದೆ.

ಈಗ ಕೈಯನ್ನೇ ನೋಡೋಣ. ನಿಧಾನ ಮಾಡಿ ನೋಡಿದರೆ ಆ ಗಳಿಗೆಯಲ್ಲಿ ಎಷ್ಟೊಂದು ಸುಳಿವು ಉಂಟು. ಆಟಗಾರ ಬ್ಯಾಗಿಗೆ ಬಗ್ಗುತ್ತಾನೆ. ಹೆಚ್ಚಿನವರು ಪಟರ್‌ಗಳನ್ನು, ಅಂದರೆ ಪಟ್ ಹಾಕುವ ಡಿಸ್ಕ್‌ಗಳನ್ನು, ಬ್ಯಾಗಿನ ಮೇಲ್ಗಡೆಯ ಬೇರೆ ಕಿಸೆಯಲ್ಲಿ ಇಡುತ್ತಾರೆ, ದೂರಕ್ಕೆ ಎಸೆಯುವ ಡ್ರೈವರ್‌ಗಳು ಕೆಳಗೆ ಸಾಲಾಗಿ. ಕೈ ಎಲ್ಲಿಗೆ ಹೋಯಿತು ನೋಡಿ. ಡಿಸ್ಕ್ ಹೊರಗೆ ಬಂತು, ಟವೆಲ್‌ನಲ್ಲಿ ಒರೆಸುತ್ತಾನೆ. ಒರೆಸುವಾಗ ಡಿಸ್ಕ್ ಅಡ್ಡ ತಿರುಗುತ್ತದೆ, ಒಂದೆರಡು ಸೆಕೆಂಡು ಅಂಚು ಪಕ್ಕದಿಂದ ಕಾಣುತ್ತದೆ. ಅದನ್ನು ಹಿಡಿಯಿರಿ. ಡೆಸ್ಟ್ರಾಯರ್‌ನಂಥ ದೂರದ ಡ್ರೈವರ್‌ಗೆ ಅಂಚಿನ ಅಗಲ 2.2 ಸೆಂಟಿಮೀಟರ್ ಹತ್ತಿರ, ಮೇಲ್ಮೈ ತೆಳು, ತುದಿ ಚೂಪು. ಪಟರ್‌ಗೆ ಸುಮಾರು ಒಂದು ಸೆಂಟಿಮೀಟರ್, ಮೈ ಆಳ, ತುದಿ ದುಂಡು. ನಡುವಿನ ದೂರಕ್ಕಿರುವ ಮಿಡ್‌ರೇಂಜ್, ಫೇರ್‌ವೇ ಡ್ರೈವರ್‌ಗಳು ಇವೆರಡರ ನಡುವೆ. ಬೆರಳು ಎಲ್ಲಿ ಕೂತಿದೆ ಎಂಬುದೂ ಸುಳಿವೇ. ಅಂಚು ಅಗಲ ಇದ್ದಷ್ಟು ಬೆರಳು ಅಗಲಕ್ಕೆ ಚಾಚಿ ಮಡಚಬೇಕಾಗುತ್ತದೆ. ಹೆಸರು ಗೊತ್ತಾಗದಿದ್ದರೂ ಯಾವ ವರ್ಗದ ಡಿಸ್ಕ್ ಎಂಬುದನ್ನು ಇಷ್ಟರಿಂದಲೇ ಹೆಚ್ಚು ಕಡಿಮೆ ಧೈರ್ಯವಾಗಿ ಹೇಳಬಹುದು.

ಕೆಲವು ಡಿಸ್ಕ್‌ಗಳಿಗೆ ಹುಟ್ಟು ಗುರುತೇ ಉಂಟು. ಎಂವಿಪಿ ಮತ್ತು ಆಕ್ಸಿಯಮ್‌ನ ಡಿಸ್ಕ್‌ಗಳನ್ನು ಎರಡು ಬಗೆಯ ಪ್ಲಾಸ್ಟಿಕ್ ಸೇರಿಸಿ ಅಚ್ಚು ಹಾಕುತ್ತಾರೆ. ತೂಕ ಹೊರ ಅಂಚಿಗೆ ಹೋಗಲಿ ಎಂದು ಅಂಚಿಗೆ ಭಾರದ ಪ್ಲಾಸ್ಟಿಕ್, ನಡುವೆ ಬೇರೆ. ಹಾಗಾಗಿ ಅಂಚು ಬೇರೆ ಬಣ್ಣ, ಮೈ ಬೇರೆ ಬಣ್ಣ. ಎಂವಿಪಿ ಹೆಸರಿನದಕ್ಕೆ ಸಾಮಾನ್ಯವಾಗಿ ಕಪ್ಪು ಅಂಚು, ಆಕ್ಸಿಯಮ್‌ಗೆ ಬಣ್ಣದ ಅಂಚು. ಸ್ಟ್ರೀಮ್‌ಲೈನ್‌ಗೆ ಎರಡು ಪ್ಲಾಸ್ಟಿಕ್ ಇಲ್ಲ, ಇಡೀ ಡಿಸ್ಕ್ ಒಂದೇ. ದೂರದ ಕ್ಯಾಮೆರಾದಲ್ಲೂ ಈ ಎರಡು ಬಣ್ಣ ಎದ್ದು ಕಾಣುತ್ತದೆ, ಹಾರುವಾಗಲೂ ಅಂಚಿನ ಬಳೆ ಬೇರೆಯಾಗಿಯೇ ಇರುತ್ತದೆ. ಇನ್ನೊಂದು ಸ್ವೀಡನ್‌ನ ಕಾಸ್ಟಾಪ್ಲಾಸ್ಟ್ ಕಂಪನಿಯ ಬೆರ್ಗ್. ಅದರ ಮೇಲೆ ಅಂಚಿನ ಒಳಬದಿಗೆ ಸುತ್ತಲೂ ಹೆಬ್ಬೆರಳು ಕೂರುವಷ್ಟು ಇಳಿತ ಇದೆ. ಅಂಕಿ 1, 1, 0, 2. ಅಂದರೆ ತೇಲುವುದೇ ಇಲ್ಲ, ಎಸೆದಲ್ಲಿ ಹೋಗಿ ಕೂರುತ್ತದೆ. ಬುಟ್ಟಿಯ ಹಿಂದೆ ಹಳ್ಳ ಇದೆ, ಜಾರಿದರೆ ದಂಡ ಎಂಬಂಥ ಕಡೆ ಅದು ಬ್ಯಾಗಿನಿಂದ ಹೊರಬರುತ್ತದೆ. ಹತ್ತಿರದ ಕ್ಯಾಮೆರಾ ಆ ಇಳಿತವನ್ನು ತೋರಿಸಿತು ಎಂದರೆ ಬೇರೆ ಸಾಕ್ಷಿಯ ಅಗತ್ಯ ಹೆಚ್ಚಿಲ್ಲ.

ಮೇಲೆ ಒತ್ತಿದ ಚಿತ್ರ, ಅಂದರೆ ಸ್ಟ್ಯಾಂಪ್, ಓದಲು ಸಿಕ್ಕಿದರೆ ಒಳ್ಳೆಯದೇ. ಆದರೆ ಅದು ಸವೆಯುತ್ತದೆ, ಕೆಲವರು ಬೇಕೆಂದೇ ಒರೆಸಿ ತೆಗೆಯುತ್ತಾರೆ, ಕೆಲವರು ಅದರ ಮೇಲೆ ಬಣ್ಣ ಹಾಕಿಸುತ್ತಾರೆ. ಒಂದೇ ಚಿತ್ರ ಬೇರೆ ಬೇರೆ ಅಚ್ಚಿನ ಮೇಲೆ ಬರುವುದೂ ಉಂಟು. ಸ್ಟ್ಯಾಂಪ್ ಓದಲಿಕ್ಕೆ ಸುಲಭದ ಸಮಯ ಬಿದ್ದ ಮೇಲೆ, ಕ್ಯಾಮೆರಾ ಹತ್ತಿರ ಹೋದಾಗ. ಆಟಗಾರರು ತಮ್ಮ ಡಿಸ್ಕ್ ಮೇಲೆ ಶಾಯಿಯಲ್ಲಿ ತಮ್ಮದೇ ಗುರುತು ಹಾಕಿರಲೇಬೇಕು ಎಂಬ ನಿಯಮವೂ ಇದೆ. ಮೊದಲ ಸಲ ಎಚ್ಚರಿಕೆ, ಆಮೇಲೆ ದಂಡ. ಯಾರ ಡಿಸ್ಕ್ ಎಂದು ಗೊಂದಲವಾದಾಗ ಅದು ಸಹಾಯಕ್ಕೆ ಬರುತ್ತದೆ, ಯಾವ ಅಚ್ಚು ಎಂಬುದಕ್ಕೆ ಬರುವುದಿಲ್ಲ.

ಹಾರಾಟ ನೋಡಿ ಹೆಸರು ಹೇಳುವುದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಅಪಾಯ ಕೂಡ. ಬಲಕ್ಕೆ ವಾಲಿ ಎಡಕ್ಕೆ ಬಂದರೆ ಡೆಸ್ಟ್ರಾಯರ್, ನೇರ ಹೋಗಿ ನೇರ ಇಳಿದರೆ ಡಿಸ್ಕ್ರಾಫ್ಟ್‌ನ ಮಿಡ್‌ರೇಂಜ್ ಬಝ್, ಹೀಗೆ ಬಾಯಿಪಾಠ ಮಾಡಿ ಹೇಳಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಮೊದಲು ಎಸೆಯುವವರು ಎಡಗೈಯೋ ಬಲಗೈಯೋ, ಬ್ಯಾಕ್‌ಹ್ಯಾಂಡೋ ಫೋರ್‌ಹ್ಯಾಂಡೋ ನೋಡಬೇಕು. ಒಂದು ಬದಲಾದರೆ ಎಡ ಬಲ ಎಲ್ಲ ತಿರುಗಿ ಬೀಳುತ್ತದೆ. ಬಿಡುವಾಗ ಡಿಸ್ಕ್ ಯಾವ ಕಡೆ ಓರೆ ಇತ್ತು ನೋಡಬೇಕು. ಆಮೇಲೆ ಗಾಳಿ. ಎದುರುಗಾಳಿ ಇದ್ದರೆ ಯಾವ ಡಿಸ್ಕ್ ಆದರೂ ಜಾಸ್ತಿ ವಾಲುತ್ತದೆ, ಗಾಳಿ ಬೆನ್ನಿಗಿದ್ದರೆ ವಾಲುವುದು ಕಡಿಮೆ, ಬೇಗ ನೆಲಕ್ಕೆ ಬರುತ್ತದೆ. ಇದನ್ನು ನಿಮ್ಮಲ್ಲಿ ಯಾರೂ ಪುಸ್ತಕದಲ್ಲಿ ಓದಬೇಕಾಗಿಲ್ಲ. ಮಧ್ಯಾಹ್ನದ ಮೇಲೆ ಮಲ್ಪೆಯಲ್ಲಿ ಕಡಲಗಾಳಿ ಎದ್ದಾಗ ಒಂದೇ ಡಿಸ್ಕನ್ನು ಸಮುದ್ರದ ಕಡೆ ಒಮ್ಮೆ, ರಸ್ತೆಯ ಕಡೆ ಒಮ್ಮೆ ಎಸೆದು ನೋಡಿ, ಎರಡು ಬೇರೆ ಡಿಸ್ಕ್ ಎಂದೇ ಅನ್ನಿಸುತ್ತದೆ. ಎತ್ತರದ ಊರಿನಲ್ಲಿ ಗಾಳಿ ತೆಳು, ಅಲ್ಲಿ ವಾಲುವುದು ಇನ್ನೂ ಕಡಿಮೆ.

ಇದೆಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಸವೆತ. ಹೊಸ ಡಿಸ್ಕ್ ಮರಕ್ಕೆ, ಕಲ್ಲಿಗೆ ಬಡಿದು ಬಡಿದು ಅಂಚು ಸವೆಯುತ್ತದೆ. ಸವೆದಷ್ಟೂ ಬಲಕ್ಕೆ ವಾಲುವುದು ಜಾಸ್ತಿ, ಕೊನೆಯಲ್ಲಿ ಎಡಕ್ಕೆ ತಿರುಗುವುದು ಕಡಿಮೆ. ಆಟಗಾರರು ಇದನ್ನು ದೋಷ ಎಂದು ಬಿಸಾಡುವುದಿಲ್ಲ, ಜತನದಿಂದ ಇಟ್ಟುಕೊಳ್ಳುತ್ತಾರೆ. ಒಂದೇ ಅಚ್ಚಿನ ಮೂರ್ನಾಲ್ಕು ಡಿಸ್ಕ್ ಬ್ಯಾಗಿನಲ್ಲಿ ಇರುತ್ತವೆ. ಒಂದು ಹೊಸದು, ಗಾಳಿಗೆ. ಒಂದು ಸ್ವಲ್ಪ ಪಳಗಿದ್ದು, ನೇರ ದೂರಕ್ಕೆ. ಒಂದು ಚೆನ್ನಾಗಿ ಸವೆದದ್ದು, ಬಲಕ್ಕೆ ತಿರುಗಿಸಲಿಕ್ಕೆ. ಎಲ್ಲಕ್ಕೂ ಹೆಸರು ಒಂದೇ, ಅಂಕಿ ಒಂದೇ, ಕೆಲಸ ಬೇರೆ ಬೇರೆ. ಹಾಗಾಗಿ ಸುಮ್ನೆ "ಡೆಸ್ಟ್ರಾಯರ್" ಎಂದರೆ ಅರ್ಧ ಮಾತು ಹೇಳಿದ ಹಾಗೆ. "ಹಳೆಯ ಡೆಸ್ಟ್ರಾಯರ್, ಚೂರು ಬಲಕ್ಕೆ ಹೋಗಲಿ ಎಂದೇ ತೆಗೆದದ್ದು" ಎಂದರೆ ಪೂರ್ತಿ. ನನ್ನ ಹಾಳೆಯಲ್ಲಿ ಹಳೆಯದೋ ಹೊಸದೋ ಎಂಬ ಕಾಲಂ ಇರುವುದು ಇದಕ್ಕೇ.

ಇಲ್ಲಿ 2021ರ ವಿಶ್ವ ಚಾಂಪಿಯನ್‌ಶಿಪ್ ನೆನಪು ಮಾಡಲೇಬೇಕು. ಯೂಟಾ ರಾಜ್ಯದ ಆಗ್ಡನ್. ಕೊನೆಯ ದಿನ, ಕೊನೆಯ ಹೋಲ್. ಮೆಕ್‌ಬೆತ್ ಒಂದು ಎಸೆತ ಮುಂದೆ. ಜೇಮ್ಸ್ ಕಾನ್ರಾಡ್ ಬುಟ್ಟಿಯಿಂದ 247 ಅಡಿ ದೂರದಲ್ಲಿ ನಿಂತಿದ್ದರು. ಅಲ್ಲಿಂದ ನೇರ ಬುಟ್ಟಿಗೆ ಹಾಕಿದರೆ ಮಾತ್ರ ಆಟ ಉಳಿಯುತ್ತದೆ. ಅವರು ಎಸೆದದ್ದು ಎನ್ವಿ. ಆಕ್ಸಿಯಮ್‌ನ ಪಟರ್ ಅದು! 75 ಮೀಟರ್ ದೂರಕ್ಕೆ ಪಟರ್ ಎಂದರೆ ಹೊಸಬರಿಗೆ ವಿಚಿತ್ರ ಅನ್ನಿಸಬಹುದು. ಆದರೆ ಪಟರ್ ನಿಧಾನ ಹೋಗುತ್ತದೆ, ನೇರ ಹೋಗುತ್ತದೆ, ಸರಪಳಿಗೆ ತಾಗಿದರೆ ಬುಟ್ಟಿಯೊಳಗೇ ನಿಲ್ಲುವ ಸಾಧ್ಯತೆ ಜಾಸ್ತಿ. ಅದೇ ಡ್ರೈವರ್ ಆಗಿದ್ದರೆ ವೇಗಕ್ಕೆ ಸರಪಳಿ ಸೀಳಿ ಆಚೆ ಹೋಗಿಬಿಡಬಹುದು. ಡಿಸ್ಕ್ ಒಳಗೆ ಹೋಯಿತು, ಸಮ ಆಯಿತು, ಮುಂದಿನ ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದರು. ಆ ವಿಡಿಯೋ ಡಿಸ್ಕ್ ಗಾಲ್ಫ್ ಗೊತ್ತಿಲ್ಲದವರೂ ನೋಡಿದ್ದಾರೆ. ಆದರೆ ಕೈಯಲ್ಲಿದ್ದದ್ದು ಪಟರ್ ಎಂದು ಗೊತ್ತಿದ್ದು ನೋಡುವುದೇ ಬೇರೆ. ಆಗ ಅದು ಅದೃಷ್ಟ ಒಂದೇ ಅಲ್ಲ, ಆಯ್ಕೆಯೂ ಹೌದು ಎಂದು ಕಾಣುತ್ತದೆ. ಕಾಮೆಂಟರಿ ಮಾಡುವವರು ಪ್ರೇಕ್ಷಕರಿಗೆ ಕೊಡಬೇಕಾದದ್ದು ಇದನ್ನೇ.

ಇನ್ನು ಕೇಳಿ ತಿಳಿಯುವುದು. ಇದಕ್ಕೆ ನಾಚಿಕೆ ಬೇಡ. ಪ್ರಸಾರದಲ್ಲಿ ಎರಡು ಬಗೆ ಇದೆ. ಒಂದು ನೇರ ಪ್ರಸಾರ, 2020ರಲ್ಲಿ ಶುರುವಾದ ಡಿಸ್ಕ್ ಗಾಲ್ಫ್ ನೆಟ್‌ವರ್ಕ್‌ನ ಹಾಗೆ. ಇನ್ನೊಂದು ಆಟ ಚಿತ್ರೀಕರಿಸಿ, ಸಂಕಲನ ಮಾಡಿ, ಆಮೇಲೆ ಮಾತು ಸೇರಿಸಿ ಹಾಕುವುದು, ಜೋಮೆಝ್‌ಪ್ರೊದವರು ಹೆಸರು ಮಾಡಿದ್ದು ಹೀಗೆ. ಅವರಲ್ಲಿ ಮಾತಾಡುತ್ತಿದ್ದ ಜೆರೆಮಿ ಕೋಲಿಂಗ್, ನೇಟ್ ಸೆಕ್ಸ್‌ಟನ್ ಇಬ್ಬರೂ ಆಟಗಾರರೇ. ಸೆಕ್ಸ್‌ಟನ್ 2017ರ ಯುಎಸ್‌ ಡಿಸ್ಕ್ ಗಾಲ್ಫ್ ಚಾಂಪಿಯನ್, ಅವರ ಹೆಸರಿನಲ್ಲೇ ಫೈರ್‌ಬರ್ಡ್ ಬಂದಿದೆ. ಅಂಥವರಿಗೆ ಡಿಸ್ಕ್ ಕಣ್ಣಿಗಿಂತ ಮೊದಲು ಕೈಗೆ ಗೊತ್ತು. ಇಂಥ ಹೋಲ್‌ನಲ್ಲಿ, ಇಂಥ ಗಾಳಿಗೆ ನಾನಾದರೆ ಏನು ತೆಗೆಯುತ್ತಿದ್ದೆ ಎಂದು ಅಲ್ಲಿಂದಲೇ ಯೋಚನೆ ಶುರು ಮಾಡುತ್ತಾರೆ. ನಮಗೆ ಆ ಅನುಭವ ಇಲ್ಲದಿದ್ದರೆ ಅದನ್ನು ಕೆಲಸದಿಂದ ತುಂಬಬೇಕು. ಆಮೇಲೆ ಮಾತು ಸೇರಿಸುವ ಪ್ರಸಾರದಲ್ಲಿ ಸಮಯ ಇದೆ, ದೃಶ್ಯ ನಿಲ್ಲಿಸಬಹುದು, ಹಿಂದೆ ಹೋಗಬಹುದು, ಆಟಗಾರರಿಗೇ ಒಂದು ಮೆಸೇಜ್ ಹಾಕಿ ಕೇಳಬಹುದು. ಅಷ್ಟೆಲ್ಲ ಅವಕಾಶ ಇದ್ದೂ ತಪ್ಪು ಹೆಸರು ಹೇಳಿದರೆ ಅದು ಸೋಮಾರಿತನ, ಬೇರೆ ಹೆಸರಿಲ್ಲ. ನೇರ ಪ್ರಸಾರದಲ್ಲಿ ಮೈದಾನದೊಳಗೆ ಒಬ್ಬರು ಇದ್ದರೆ ಅವರ ಕಿವಿಮಾತಿಗೆ ಕಾಯಿರಿ. ಇಲ್ಲದಿದ್ದರೆ ಕಂಡದ್ದನ್ನು ಹೇಳಿ.

ಕಂಡದ್ದನ್ನು ಹೇಳುವುದು ಹೇಗೆ? ನಾನು ಮೂರು ಮೆಟ್ಟಿಲು ಇಟ್ಟುಕೊಂಡಿದ್ದೇನೆ. ಕಣ್ಣಿಗೆ ಕಂಡದ್ದಷ್ಟೇ ಗೊತ್ತಿದ್ದರೆ: "ಕೈಯಲ್ಲಿ ಗುಲಾಬಿ ಡ್ರೈವರ್, ಅಗಲ ಅಂಚು, ದೂರಕ್ಕೇ ಹೋಗುವ ಲೆಕ್ಕ." ಎರಡು ಮೂರು ಸುಳಿವು ಕೂಡಿದರೆ: "ಗುಲಾಬಿ ಡ್ರೈವರ್, ಇವರ ಬ್ಯಾಗಿನಲ್ಲಿ ಈ ಬಣ್ಣದ್ದು ಡೆಸ್ಟ್ರಾಯರ್ ಇತ್ತು, ಅದೇ ಇರಬೇಕು." ಓದಿ ನೋಡಿದ್ದರೆ, ಅಥವಾ ಕೇಳಿ ತಿಳಿದಿದ್ದರೆ ಮಾತ್ರ: "ಡೆಸ್ಟ್ರಾಯರ್." ಈ ಮೂರರಲ್ಲಿ ಯಾವುದರ ಮೇಲೆ ನಿಂತಿದ್ದೀರಿ ಎಂಬುದು ನಿಮ್ಮ ಮಾತಿನಲ್ಲೇ ಕೇಳುಗರಿಗೆ ಗೊತ್ತಾಗಬೇಕು. "ಇರಬೇಕು" ಎಂಬ ಒಂದು ಪದ ಸೇರಿಸಲಿಕ್ಕೆ ಅರ್ಧ ಸೆಕೆಂಡು ಸಾಕು. ಆಮೇಲೆ ಬೇರೆ ಡಿಸ್ಕ್ ಎಂದು ತಿಳಿದುಬಂದರೆ ಮುಂದಿನ ಹೋಲ್‌ಗೆ ನಡೆಯುವ ಸಮಯದಲ್ಲಿ "ಆಗ ಎಸೆದದ್ದು ಥಂಡರ್‌ಬರ್ಡ್ ಅಂತೆ, ಅದಕ್ಕೇ ಅಷ್ಟು ಬೇಗ ಇಳಿಯಿತು" ಎಂದುಬಿಡಿ. ಕೇಳುಗರಿಗೆ ಹೊಸದೊಂದು ಗೊತ್ತಾಯಿತು ಎಂದು ಖುಷಿಯೇ ಆಗುತ್ತದೆ.

ನನಗೆ ಇದರಲ್ಲಿ ಯಾಕೆ ಇಷ್ಟು ಹಠ ಎಂದರೆ, ನೋಡುವವರು ಕಲಿಯುತ್ತಿರುತ್ತಾರೆ. ಒಬ್ಬ ಹುಡುಗ ಪರದೆಯಲ್ಲಿ ಒಂದು ಹಾರಾಟ ನೋಡಿ, ನೀವು ಹೇಳಿದ ಹೆಸರು ಕೇಳಿ, ಆ ಡಿಸ್ಕ್ ಹೀಗೆ ಹಾರುತ್ತದೆ ಎಂದು ತಲೆಯಲ್ಲಿ ಇಟ್ಟುಕೊಳ್ಳುತ್ತಾನೆ. ಹೊರದೇಶದಿಂದ ತರಿಸಿದರೆ ಡಿಸ್ಕ್‌ಗಿಂತ ಸಾಗಣೆಗೇ ಜಾಸ್ತಿ ಆಗಬಹುದು. ಅಷ್ಟು ದುಡ್ಡು ಕೊಟ್ಟು ತರಿಸಿ ಎಸೆದರೆ ಅದು ಬೇರೆಯೇ ಕಡೆ ಹೋಗುತ್ತದೆ. ತನ್ನ ಕೈ ಸರಿ ಇಲ್ಲ ಅಂದುಕೊಳ್ಳುತ್ತಾನೆ. ಕೈ ಸರಿಯೇ ಇತ್ತು, ಮೈಕಿನಲ್ಲಿ ಬಂದ ಹೆಸರು ಸರಿ ಇರಲಿಲ್ಲ. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಇನ್ನೊಂದು, ಡಿಸ್ಕ್ ಹೆಸರು ಹೇಳುವುದೆಂದರೆ ಕಂಪನಿಗೆ ಜಾಹೀರಾತು ಕೊಟ್ಟ ಹಾಗೆಯೂ ಹೌದು. ಖಚಿತ ಇಲ್ಲದ ಹೆಸರನ್ನು ಹೊಗಳುತ್ತಾ ಹೋದರೆ ಯಾರದ್ದೋ ಕೆಲಸಕ್ಕೆ ಇನ್ನಾರಿಗೋ ಶಾಲು ಹೊದಿಸಿದಂತೆ ಆಗುತ್ತದೆ.

ಹಾಗೆಂದು ಪ್ರತಿ ಎಸೆತಕ್ಕೂ ಹೆಸರು ಬೇಡ. ಬುಟ್ಟಿಯ ಸುತ್ತ 10 ಮೀಟರ್ ಒಳಗಿನ ಪಟ್‌ಗೆ ಹೆಚ್ಚಿನವರು ದಿನಾ ಹಾಕುವ ಪಟರ್ ಅನ್ನೇ ಹಾಕುತ್ತಾರೆ. ಅಲ್ಲಿ ಹೇಳಬೇಕಾದದ್ದು ಗಾಳಿ, ಕಾಲು, ಒತ್ತಡ. ಮೊದಲ ಎಸೆತದಲ್ಲಿ ದಾರಿ ತೆರೆದಿದ್ದರೆ ವರ್ಗ ಹೇಳಿದರೆ ಸಾಕು. ಹೆಸರು ನಿಜವಾಗಿ ಬೇಕಾಗುವುದು ಇಕ್ಕಟ್ಟಿನಲ್ಲಿ. ಮರದ ಸಂದು, ಅಡ್ಡಗಾಳಿ, ಹಿಂದೆ ನೀರು, ಇಬ್ಬರು ಒಂದೇ ಜಾಗದಿಂದ ಬೇರೆ ಬೇರೆ ಡಿಸ್ಕ್ ತೆಗೆದಾಗ. ಒಬ್ಬರು ಮಿಡ್‌ರೇಂಜ್ ಮೆಲ್ಲ ಬಿಟ್ಟರು, ಇನ್ನೊಬ್ಬರು ಡ್ರೈವರ್ ಜೋರು ಬೀಸಿದರು, ಯಾಕೆ ಎಂದು ಬಿಡಿಸಿ ಹೇಳಿದರೆ ಅದಕ್ಕಿಂತ ಚೆಂದದ ಕಾಮೆಂಟರಿ ಇಲ್ಲ.

ಮಾತು ಸಾಕು, ಈಗ ಮಾಡಿ ನೋಡೋಣ. ನಿಮಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದೇವೆ, ನಾಲ್ಕು ಆಟಗಾರರ ಬ್ಯಾಗ್ ಅದರಲ್ಲಿ ಬಣ್ಣದ ಪ್ರಕಾರ ಬರೆದಿದೆ. ಶಬ್ದ ತೆಗೆದ ಒಂದು ಹೋಲ್ ಪರದೆಯ ಮೇಲೆ ಹಾಕುತ್ತೇನೆ. ಎಸೆಯುವ ಮೊದಲು ನಿಮ್ಮ ಊಹೆ ಬರೆಯಿರಿ, ಪಕ್ಕದಲ್ಲಿ "ಕಂಡದ್ದು", "ಇರಬೇಕು", "ಖಚಿತ" ಇದರಲ್ಲಿ ಯಾವುದು ಎಂದೂ ಬರೆಯಿರಿ. ಕಂಬಳದ ಮೈಕಿನವರು ಮುಂದಿನ ಸಾಲಿಗೆ ಬನ್ನಿ, ಮೊದಲು ಮಾತಾಡುವವರು ನೀವೇ. ಆ ಕಿಟಕಿಯ ಪರದೆ ಸ್ವಲ್ಪ ಎಳೆಯಿರಿ, ಬೆಳಕು ಜಾಸ್ತಿ ಇದ್ದರೆ ಕಿತ್ತಳೆ, ಗುಲಾಬಿ ಎರಡೂ ಒಂದೇ ಹಾಗೆ ಕಾಣುತ್ತದೆ.